ಗೋಡೆಯೊಳಗಿನ ಶ್ರುತಿ

ತಂಬೂರಿಗೆ ನಾಲ್ಕು ತಂತಿ. ನಮ್ಮ ಮನೆಯಲ್ಲಿ ಯಾರ ಗಾಯನದ ರೆಕಾರ್ಡು ಹಾಕಿದರೂ ಅದಕ್ಕೆ ಐದನೆಯದೊಂದು ತಾನಾಗಿ ಬಂದು ಸೇರಿಕೊಳ್ಳುತ್ತಿತ್ತು. ಹಾಡುವವರು ಉಸಿರು ಎಳೆದುಕೊಳ್ಳುವ ಸಂದಿಯಲ್ಲಿ, ತಬಲಾ ಇನ್ನೂ ಕೂಡಿಕೊಳ್ಳದ ಆಲಾಪದಲ್ಲಿ, ಎಲ್ಲೋ ತಳದಿಂದ ಒಂದು ‘ಗುಂಯ್’. ಸ್ಪೀಕರಿಗೆ ಕಿವಿಯಿಟ್ಟರೆ ಡಬ್ಬಿಯೊಳಗೆ ದುಂಬಿ ಸಿಕ್ಕಿಕೊಂಡ ಹಾಗೆ. ನನ್ನ ಹೆಂಡತಿಗೆ ಅದು ಕೇಳಿಸುತ್ತಿರಲಿಲ್ಲ. ಮಗನಿಗೆ ಕೇಳಿಸುತ್ತಿತ್ತು, ಬೇಸರವಾಗುತ್ತಿರಲಿಲ್ಲ. ನನಗೆ ಒಂದು ಸಲ ಕೇಳಿಸಿದ್ದೇ ತಡ, ಆಮೇಲೆ ಬೇರೆ ಏನೂ ಕೇಳಿಸದಾಯಿತು.

ಈ ಗುಂಯ್ ಶಬ್ದಕ್ಕೆ ಬಲ್ಲವರು ಹಮ್ ಎನ್ನುತ್ತಾರೆ. ಕನ್ನಡದ ಹಮ್ಮು ಬೇರೆ. ಆದರೆ ಆಡಿಯೋ ಹುಚ್ಚು ಹಿಡಿದವರ ಮನೆಯಲ್ಲಿ ಎರಡೂ ಒಟ್ಟಿಗೇ ಸಂಸಾರ ಮಾಡುತ್ತವೆ ಎಂದು ಸ್ವಂತ ಅನುಭವದಿಂದ ಹೇಳಬಲ್ಲೆ. ನಮ್ಮ ಮನೆಗಳಿಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಅತ್ತಿಂದಿತ್ತ ತೂಗುವಂಥದು. ಅದು ಆಂಪ್ಲಿಫೈಯರಿನ ಒಳಗೆ ನುಸುಳಿದರೆ 50ರ ಜೊತೆಗೆ ಅದರ ಇಮ್ಮಡಿ 100ನ್ನೂ ಕರೆತರುತ್ತದೆ. ಸಾಮಾನ್ಯ ಸ್ಪೀಕರಿನಲ್ಲಿ ಕಿವಿಗೆ ಬೀಳುವುದು ಹೆಚ್ಚಾಗಿ ಈ 100. ಈಗ ಬಿಳಿ ಒಂದರ ಶ್ರುತಿಯಲ್ಲಿ ಹಾಡುವ ಗಾಯಕರೊಬ್ಬರನ್ನು ನೆನೆಸಿಕೊಳ್ಳಿ. ಅವರ ಷಡ್ಜ ಸೆಕೆಂಡಿಗೆ ಸುಮಾರು 131 ಕಂಪನ. ತಂಬೂರಿಯ ಮೊದಲ ತಂತಿ, ಆ ಮಂದ್ರ ಪಂಚಮ, 98. ನನ್ನ ಗೋಡೆಯೊಳಗಿಂದ ಬರುತ್ತಿದ್ದದ್ದು 100. ಪಂಚಮಕ್ಕಿಂತ ಕೂದಲೆಳೆಯಷ್ಟು ಮೇಲೆ! ಎರಡು ತಂತಿ ಹೀಗೆ ಸ್ವಲ್ಪವೇ ತಪ್ಪಿದರೆ ನಡುವೆ ಸೆಕೆಂಡಿಗೆ ಎರಡು ಸಲ ಒಂದು ಅಲೆ ಏಳುತ್ತದೆ. ತಂಬೂರಿ ಕೂಡಿಸಲು ಕೂತವರಿಗೆಲ್ಲ ಅದರ ಪರಿಚಯವುಂಟು, ಮಣಿ ಸರಿಸಿ ಸರಿಮಾಡಿಬಿಡುತ್ತಾರೆ. ವಿದ್ಯುತ್ ಗ್ರಿಡ್ಡಿಗೆ ಮಣಿ ಕಟ್ಟಲಾದೀತೇ? ಅದು 49.90ರಿಂದ 50.05ರ ಒಳಗೆ ಇರಬೇಕೆಂದು ನಿಯಮ, ಹೆಚ್ಚಿನ ಹೊತ್ತು ಇರುತ್ತದೆ ಕೂಡ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೊರಟ ವಿದ್ಯುತ್ತು 25 ಸೈಕಲ್ಲಿನದು. ಆ ಪದ್ಧತಿಯೇ ಉಳಿದಿದ್ದರೆ ನನ್ನ ಐದನೆಯ ತಂತಿ ಒಂದು ಸ್ಥಾಯಿ ಕೆಳಗಿರುತ್ತಿತ್ತು, ನಾನೂ ಬಹುಶಃ ನೆಮ್ಮದಿಯಾಗಿರುತ್ತಿದ್ದೆ.

ಕಾಯಿಲೆ ಹೇಳಿಕೊಂಡರೆ ಔಷಧಿ ಹೇಳದವರು ಯಾರು? ನನಗೆ ಸಿಕ್ಕ ಔಷಧಿ ಒಂದೇ: “ಆಂಪ್ಲಿಫೈಯರಿಗೆ ಬೇರೆ ಲೈನ್ ಎಳೆಸು.” ಅಂದರೆ ಮನೆಯ ಮೇನ್ ಬೋರ್ಡಿನಿಂದ ಸಂಗೀತದ ಮೂಲೆಯವರೆಗೆ ನಡುವೆ ಎಲ್ಲೂ ನಿಲ್ಲದೆ, ಯಾವ ಲೈಟಿಗೂ ಫ್ಯಾನಿಗೂ ಪಾಲು ಕೊಡದೆ ಹೋಗುವ ಮೂರು ತಂತಿ, ಅದಕ್ಕೆಂದೇ ಬೋರ್ಡಿನಲ್ಲಿ ಒಂದು ಎಂಸಿಬಿ. ನಮ್ಮ ಮನೆ ಮೈಸೂರಿನಲ್ಲಿ 1980ರ ದಶಕದಲ್ಲಿ ಕಟ್ಟಿದ್ದು. ಮರದ ಪಟ್ಟಿಯ ಮೇಲೆ ಕ್ಲಿಪ್ಪು ಹೊಡೆದು ಎಳೆದ ವೈರಿಂಗು. ಹಾಲಿನ ಪ್ಲಗ್ಗಿಗೆ ಕರೆಂಟು ಬರುವ ದಾರಿಯನ್ನು ಒಂದು ದಿನ ಬೆನ್ನುಹತ್ತಿ ನೋಡಿದೆ. ಬೋರ್ಡಿನಿಂದ ಅಡುಗೆಮನೆ, ಅಲ್ಲಿ ಮಿಕ್ಸಿಗೊಂದು ಕವಲು, ಊಟದ ಮನೆಯಲ್ಲಿ ಫ್ರಿಜ್ಜಿಗೊಂದು, ದೇವರ ಮನೆಯ ದೀಪ, ಆಮೇಲೆ ಹಾಲು. ಪ್ರತಿ ನಿಲ್ದಾಣದಲ್ಲೂ ತಂತಿ ತಿರುಚಿ ಟೇಪು ಸುತ್ತಿದ ಗಂಟು. ಮೈಸೂರಿನಿಂದ ಬೆಂಗಳೂರಿಗೆ ಹೋಗುವ ಪ್ಯಾಸೆಂಜರ್ ಗಾಡಿಯೂ ಇಷ್ಟು ಕಡೆ ನಿಲ್ಲಲಾರದು.

ಸರಿ, ಬೇರೆ ಲೈನು ಎಂದು ನಿರ್ಧಾರವಾಯಿತು. ಯಾವ ತಂತಿ? ಪೇಚಾಟ ಶುರುವಾದದ್ದು ಇಲ್ಲಿ.

ಹಳೆಯ ವೈರ್‌ಮನ್‌ಗಳ ಬಾಯಲ್ಲಿ ಇನ್ನೂ ತ್ರೀ ಟ್ವೆಂಟಿ, ಸೆವೆನ್ ಟ್ವೆಂಟಿ ಎಂಬ ಮಾತಿದೆ. 20 ಗೇಜಿನ ಮೂರು ಎಳೆ, ಏಳು ಎಳೆ ಎಂದು ಅರ್ಥ. ಈಗ ಅಂಗಡಿಯಲ್ಲಿ ಕೇಳಬೇಕಾದದ್ದು ಚದರ ಮಿಲಿಮೀಟರಿನ ಲೆಕ್ಕದಲ್ಲಿ: 1, 1.5, 2.5, 4, 6. ಲೈಟಿಗೆ 1 ಅಥವಾ 1.5, ಪವರ್ ಪ್ಲಗ್ಗಿಗೆ 2.5, ಏಸಿ ಗೀಸರಿಗೆ 4 ಎಂದು ವಾಡಿಕೆ. ಆಡಿಯೋ ಬಲ್ಲವರು ನನಗೆ ಹೇಳಿದ್ದು 6ಕ್ಕೆ ಕಡಿಮೆ ಬೇಡ, ಆಗುವುದಾದರೆ 10 ಹಾಕು ಎಂದು. ಈ ಸಲಹೆ ಎಲ್ಲಿಂದ ಬಂತು ಎಂದು ಹುಡುಕಿಕೊಂಡು ಹೋದರೆ ಅದರ ತವರು ಅಮೆರಿಕ. ಅಲ್ಲಿಯವರು ಸಂಗೀತದ ಲೈನಿಗೆ ಹತ್ತು ಗೇಜಿನ ತಂತಿ ಹಾಕುತ್ತಾರೆ, ನಮ್ಮ ಲೆಕ್ಕದಲ್ಲಿ 5.26 ಚದರ ಮಿಲಿಮೀಟರು. ಆದರೆ ಅವರ ಮನೆಯ ಪ್ಲಗ್ಗಿನಲ್ಲಿರುವುದು 120 ವೋಲ್ಟು, ನಮ್ಮಲ್ಲಿ 230. 1,200 ವ್ಯಾಟಿನ ಹೊರೆಗೆ ಅವರ ತಂತಿಯಲ್ಲಿ 10 ಆಂಪಿಯರು ಹರಿದರೆ ನಮ್ಮದರಲ್ಲಿ 5ಕ್ಕಿಂತ ತುಸು ಹೆಚ್ಚು. ಕರೆಂಟು ಅರ್ಧವಾದರೆ ದಾರಿಯಲ್ಲಿ ಕಳೆದುಹೋಗುವ ವೋಲ್ಟೂ ಅರ್ಧ. ಒಟ್ಟು ವೋಲ್ಟು ಇಮ್ಮಡಿಯಾದ್ದರಿಂದ ಪಾಲು ಲೆಕ್ಕದಲ್ಲಿ ಅದು ಕಾಲುಭಾಗ. ಚಳಿದೇಶದವರು ಹೊದೆಯುವ ಕಂಬಳಿಯನ್ನು ಹೊದ್ದು ಏಪ್ರಿಲ್ಲಿನಲ್ಲಿ ರಾಯಚೂರಿನ ಬಸ್ಸು ಹತ್ತಿದಂತೆ ಆಗುತ್ತದೆ ಅವರ ಸಲಹೆಯನ್ನು ಹಾಗೇ ತಂದುಕೊಂಡರೆ.

ಇಲ್ಲೊಂದು ಸಣ್ಣ ಲೆಕ್ಕ ಹೇಳುತ್ತೇನೆ, ಕಿವಿಗೆ ಸ್ವಲ್ಪ ಭಾರ, ಕ್ಷಮಿಸಿ. ಬೋರ್ಡಿನಿಂದ ಹಾಲಿನ ಮೂಲೆಗೆ ಹಗ್ಗ ಹಿಡಿದು ಅಳೆದೆ: 15 ಮೀಟರು. ಕರೆಂಟು ಹೋಗಿ ಬರಬೇಕು, ಆದ್ದರಿಂದ 30 ಮೀಟರು ತಾಮ್ರ. 1 ಚದರ ಮಿಲಿಮೀಟರಿನ ತಂತಿಗೆ ಕಿಲೋಮೀಟರಿಗೆ 18 ಓಮ್ ತಡೆ, 2.5ಕ್ಕೆ ಏಳೂವರೆಯ ಹತ್ತಿರ, 4ಕ್ಕೆ 5ಕ್ಕೂ ಸ್ವಲ್ಪ ಕಡಿಮೆ. 5 ಆಂಪಿಯರು ಹರಿಸಿದರೆ ಆ 30 ಮೀಟರಿನಲ್ಲಿ ಕಳೆಯುವುದು 1ರ ತಂತಿಯಲ್ಲಿ 2.7 ವೋಲ್ಟು, 2.5ರದ್ದರಲ್ಲಿ 1.1, 4ರದ್ದರಲ್ಲಿ ಮುಕ್ಕಾಲು ವೋಲ್ಟು. ಕೊನೆಯ ಎರಡರ ನಡುವಿನ ಅಂತರ ಒಂದು ವೋಲ್ಟಿನ ಮೂರರಲ್ಲೊಂದು ಪಾಲೂ ಚಿಲ್ಲರೆ. ನಮ್ಮ ಬೀದಿಯಲ್ಲಿ ವೋಲ್ಟೇಜು ಸಂಜೆ ಏಳಕ್ಕೆ 212, ರಾತ್ರಿ ಹನ್ನೊಂದಕ್ಕೆ 238 ತೋರಿಸುವುದನ್ನು ನಾನೇ ಮೀಟರು ಹಿಡಿದು ನೋಡಿದ್ದೇನೆ. ಇನ್ನು ಆ 5 ಆಂಪಿಯರಾದರೂ ಯಾರು ಎಳೆಯುತ್ತಾರೆ? ನನ್ನದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಆಯ್ದು ತಂದು ಜೋಡಿಸಿದ, ಪ್ರತಿ ಕಡೆಗೆ 60 ವ್ಯಾಟಿನ ಆಂಪ್ಲಿಫೈಯರು. ಮನೆಯಲ್ಲಿ ಕೇಳುವ ಹದಕ್ಕೆ ಅದು ತೆಗೆದುಕೊಳ್ಳುವುದು ಕಾಲು ಆಂಪಿಯರು. ಇಸ್ತ್ರಿಪೆಟ್ಟಿಗೆ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಹಸಿದದ್ದು.

ಇಷ್ಟು ಹೇಳಿದ ಮೇಲೂ ನಾನು ಹಾಕಿಸಿದ್ದು 4 ಚದರ ಮಿಲಿಮೀಟರನ್ನೇ. ಯಾಕೆ ಎನ್ನುತ್ತೀರಾ? ಒಂದು ಕಾರಣ, ಆಂಪ್ಲಿಫೈಯರು ಕರೆಂಟನ್ನು ಹಸುವಿನ ಹಾಗೆ ನಿಧಾನವಾಗಿ ಹೀರುವುದಿಲ್ಲ. ಅಲೆಯ ನೆತ್ತಿ ಬಂದಾಗ ಮಾತ್ರ ಗಬಕ್ಕನೆ ಒಂದು ಗುಟುಕು, ಮತ್ತೆ ಸುಮ್ಮನೆ. ಆ ಗುಟುಕಿನ ಗಳಿಗೆಯಲ್ಲಿ ಹರಿವು ಸರಾಸರಿಗಿಂತ ಬಹಳ ಹೆಚ್ಚು, ದಾರಿ ಅಗಲವಿದ್ದಷ್ಟೂ ಒಳ್ಳೆಯದೇ. ಆದರೆ ನಿಜವಾದ ಕಾರಣ ಅದಲ್ಲ. ಗೋಡೆ ಕೊರೆದು, ಪೈಪು ಹೂತು, ಸಿಮೆಂಟು ಮೆತ್ತಿ, ಬಣ್ಣ ಹೊಡೆಸುವ ಖರ್ಚಿನ ಮುಂದೆ 2.5ಕ್ಕೂ 4ಕ್ಕೂ ಇರುವ ಬೆಲೆಯ ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ. ಗೋಡೆಯನ್ನು ಜೀವಮಾನದಲ್ಲಿ ಎರಡು ಸಲ ಒಡೆಸುವಷ್ಟು ಧೈರ್ಯ ನನಗಿಲ್ಲ, ಮನೆಯಲ್ಲಿ ಅದಕ್ಕೆ ಅನುಮತಿಯೂ ಸಿಗುವುದಿಲ್ಲ. 6ಕ್ಕೆ ಹೋಗಲಿಲ್ಲ, ಯಾಕೆಂದರೆ ಆ ತಂತಿ ಸಾಕೆಟ್ಟಿನ ತೂತಿಗೆ ಸಲೀಸಾಗಿ ಇಳಿಯುವುದಿಲ್ಲ. ಅದರ ಕಥೆ ಆಮೇಲೆ.

ತಾಮ್ರದ ಗುಣದ ಬಗ್ಗೆ ಒಂದು ಮಾತು. ಆಮ್ಲಜನಕ ತೆಗೆದ ತಾಮ್ರ, ಬೆಳ್ಳಿ ಲೇಪಿಸಿದ ತಾಮ್ರ, ಒಂದೊಂದು ಮೀಟರಿಗೆ ಒಂದೊಂದು ಗ್ರಾಮು ಚಿನ್ನದ ಬೆಲೆ ಹೇಳುವ ಪವರ್ ಕಾರ್ಡು, ಎಲ್ಲವೂ ಸಿಗುತ್ತವೆ. ಕೊಳ್ಳುವವರನ್ನು ನಾನು ಹಂಗಿಸುವುದಿಲ್ಲ. ನನ್ನ ಸ್ನೇಹಿತರಲ್ಲೇ ಇದ್ದಾರೆ. ಆದರೆ ಬಾಗಿಲಿಗೆ ಬಂದು ತಲೆಯೆತ್ತಿ ನೋಡಿ. ಕಂಬದ ಮೇಲಿರುವುದು ಅಲ್ಯೂಮಿನಿಯಂ. ಲೈನಿನವರ ಭಾಷೆಯಲ್ಲಿ ಆ ತಂತಿಗಳಿಗೆ ಪ್ರಾಣಿಗಳ ಹೆಸರಿದೆ: ಸ್ಕ್ವಿರಲ್, ವೀಸಲ್, ರ್‍ಯಾಬಿಟ್. ಎಷ್ಟೋ ಕಿಲೋಮೀಟರು ಅಳಿಲು ಮೊಲಗಳ ಬೆನ್ನೇರಿ ಬಂದ ಕರೆಂಟು ಕೊನೆಯ ಆರಡಿಯಲ್ಲಿ ಬೆಳ್ಳಿರಥ ಹತ್ತಿದ ಮಾತ್ರಕ್ಕೆ ಅದಕ್ಕೆ ರಾಗಜ್ಞಾನ ಬಂದುಬಿಡುತ್ತದೆ ಎಂದು ನಂಬಲು ನನಗೆ ಆಗುವುದಿಲ್ಲ. ಅಂಗಡಿಯಲ್ಲಿ ಸಿಗುವ ಸಾಧಾರಣ ಮನೆ ವೈರಿನ ತಾಮ್ರವೇ ಸಾಕಷ್ಟು ಶುದ್ಧ. ನೋಡಬೇಕಾದದ್ದು ಅದು ನಿಜವಾಗಿ ಆ ತಂತಿಯೇ ಹೌದೇ ಎಂದು. ಸುರುಳಿಯ ಮೇಲೆ ಐಎಸ್ 694 ಎಂಬ ಗುರುತು, ಐಎಸ್ಐ ಮುದ್ರೆ, ಅದರ ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪಿನಲ್ಲಿ ಹಾಕಿದರೆ ಪರವಾನಗಿ ಯಾರದು, ಇನ್ನೂ ಜೀವಂತವಿದೆಯೇ ಎಂದು ತಿಳಿಯುತ್ತದೆ. ಸಂತೇಪೇಟೆಯ ಅಂಗಡಿಯೊಂದರ ಮುಂದೆ ನಿಂತು ನಾನು ಇದನ್ನು ಮಾಡುತ್ತಿದ್ದಾಗ ಅಂಗಡಿಯವರು ನನ್ನನ್ನು ಇನ್ಸ್‌ಪೆಕ್ಟರು ಎಂದುಕೊಂಡು ಕಾಫಿ ತರಿಸಿದರು.

ತಂತಿಯ ಮೇಲಿನ ಹೊದಿಕೆಯನ್ನು ಯಾರೂ ಕೇಳುವುದೇ ಇಲ್ಲ, ನನಗೆ ಅದರ ಬಗ್ಗೆಯೇ ಹೆಚ್ಚು ಕಾಳಜಿ. ಎಫ್ಆರ್ ಎಂದರೆ ಬೆಂಕಿ ಬೇಗ ಹರಡದ ಹೊದಿಕೆ. ಎಫ್ಆರ್ಎಲ್ಎಸ್ ಎಂದರೆ ಅದರ ಜೊತೆಗೆ ಹೊಗೆಯೂ ಕಡಿಮೆ. ಪಿವಿಸಿ ಸುಟ್ಟರೆ ಬರುವ ಹೊಗೆಯಲ್ಲಿ ಕಣ್ಣು ಗಂಟಲು ಉರಿಸುವ ಆಮ್ಲದ ಅನಿಲ ಇರುತ್ತದೆ. ಮನೆಗೆ ಬೆಂಕಿ ಬಿದ್ದಾಗ ಜನರನ್ನು ಕೆಡವುವುದು ಬೆಂಕಿಗಿಂತ ಮೊದಲು ಹೊಗೆ. ಹಾಲೋಜನ್ನೇ ಇಲ್ಲದ ಎಚ್ಎಫ್ಎಫ್ಆರ್ ಹೊದಿಕೆ ಇನ್ನೂ ಒಳ್ಳೆಯದು, ಬೆಲೆ ಸ್ವಲ್ಪ ಮೇಲೆ. ಬೆಳ್ಳಿಗೆ ಸುರಿಯುವ ದುಡ್ಡಿನಲ್ಲಿ ಒಂದು ಚೂರನ್ನು ಇಲ್ಲಿ ಹಾಕಿ ಎಂದು ನಾನು ಹೇಳುವುದು.

ಬಣ್ಣ ಮೂರು. ಫೇಸಿಗೆ ಕೆಂಪು, ನ್ಯೂಟ್ರಲ್ಲಿಗೆ ಕಪ್ಪು, ಅರ್ಥಿಗೆ ಹಸಿರು. ಮೂರೂ ಒಂದೇ ಪೈಪಿನಲ್ಲಿ ಮೈಗೆ ಮೈ ತಾಗಿಕೊಂಡು ಹೋಗಬೇಕು. ಫೇಸು ಒಂದು ಗೋಡೆಯಲ್ಲಿ, ನ್ಯೂಟ್ರಲ್ಲು ಹತ್ತಿರವಿದೆಯೆಂದು ಯಾವುದೋ ಲೈಟಿನಿಂದ ಕದ್ದು ತಂದದ್ದು, ಹೀಗಾದರೆ ಎರಡರ ನಡುವಿನ ಇಡೀ ಕೋಣೆಯೇ ಒಂದು ದೊಡ್ಡ ಸುರುಳಿಯಾಗಿ ನಿಮ್ಮ ಟರ್ನ್‌ಟೇಬಲ್ಲಿನ ಸೂಕ್ಷ್ಮ ತಂತಿಗಳಿಗೆ 50ರ ಗುಂಯ್ ಉಣಿಸುತ್ತದೆ. ಹೋಗುವ ತಂತಿ ಬರುವ ತಂತಿ ಜೋಡಿಯಾಗಿದ್ದರೆ ಒಂದರ ಕಾಂತಕ್ಷೇತ್ರವನ್ನು ಇನ್ನೊಂದು ಅಳಿಸಿಹಾಕುತ್ತದೆ. ಕದ್ದ ನ್ಯೂಟ್ರಲ್ಲಿನ ಇನ್ನೊಂದು ಪ್ರಸಾದವೆಂದರೆ ಕರೆಂಟು ದಾರಿ ತಪ್ಪಿದರೆ ಲೈನು ಕಡಿಯುವ ಆರ್‌ಸಿಸಿಬಿ ಸುಮ್ಮಸುಮ್ಮನೆ ಬೀಳುವುದು. ಮೂರು ಫೇಸಿನ ಮನೆಯಾದರೆ ಸಂಗೀತದ ಸಾಮಾನೆಲ್ಲ ಒಂದೇ ಫೇಸಿನಲ್ಲಿರಲಿ. ಎರಡು ಫೇಸಿನ ನಡುವೆ 400 ವೋಲ್ಟು ಇರುತ್ತದೆ, ಒಂದೇ ಬೋರ್ಡಿನಲ್ಲಿ ಅವು ಅಕ್ಕಪಕ್ಕ ಕೂರುವುದು ಯಾರಿಗೂ ಕ್ಷೇಮವಲ್ಲ.

ಎಂಸಿಬಿ 16 ಆಂಪಿಯರಿನದು, ಸಿ ಜಾತಿಯದು. ಈ ಜಾತಿಯ ವಿಚಾರ ವೈರ್‌ಮನ್‌ಗೂ ಸರಿಯಾಗಿ ಗೊತ್ತಿರಲಿಲ್ಲ. ನನ್ನ ಆಂಪ್ಲಿಫೈಯರಿನೊಳಗೆ ಉದ್ದಿನ ವಡೆಯಾಕಾರದ ದೊಡ್ಡ ಟ್ರಾನ್ಸ್‌ಫಾರ್ಮರು ಇದೆ. ಸ್ವಿಚ್ಚು ಹಾಕಿದ ಕ್ಷಣ ಅದು ಒಂದೆರಡು ಅಲೆಗಳ ಕಾಲ ಹತ್ತಾರು ಆಂಪಿಯರು ಎಳೆಯಬಹುದು. ಬಿ ಜಾತಿಯ ಎಂಸಿಬಿ ತನ್ನ ಅಳತೆಯ ಮೂರರಿಂದ ಐದು ಪಟ್ಟಿಗೇ ಥಟ್ಟನೆ ಬೀಳುತ್ತದೆ, ಸಿ ಐದರಿಂದ ಹತ್ತು ಪಟ್ಟಿನವರೆಗೆ ತಾಳಿಕೊಳ್ಳುತ್ತದೆ. ಒಂದು ವಿಷಯ ನೆನಪಿರಲಿ, ಎಂಸಿಬಿ ಕಾಯುವುದು ಗೋಡೆಯೊಳಗಿನ ತಂತಿಯನ್ನು, ನಿಮ್ಮ ಆಂಪ್ಲಿಫೈಯರನ್ನಲ್ಲ. ಅದಕ್ಕೇ ಮತ್ತೆಮತ್ತೆ ಬೀಳುತ್ತದೆಂದು 32 ಆಂಪಿಯರಿನದು ತಂದು ಹಾಕುವುದು ಮೂರ್ಖತನ.

ಈಗ ಹಸಿರು ತಂತಿ. ಮೂರರಲ್ಲಿ ಕೆಲಸವಿಲ್ಲದೆ ಮಲಗಿರುವಂತೆ ಕಾಣುವುದು ಇದೇ, ನಮ್ಮ ಜನ ಅನ್ಯಾಯ ಮಾಡಿರುವುದೂ ಇದಕ್ಕೇ. ಹಮ್ ಬರುತ್ತಿದೆಯೇ, ಅರ್ಥ್ ಪಿನ್ನು ಕಿತ್ತುಹಾಕು ಎನ್ನುವ ಮಹನೀಯರು ಊರೂರಿಗೂ ಇದ್ದಾರೆ. ಕಿತ್ತರೆ ಹಮ್ ನಿಲ್ಲುವುದೂ ಉಂಟು, ಅದೇ ಅಪಾಯ. ಆಮೇಲೆ ಡಬ್ಬಿ ಮುಟ್ಟಿದರೆ ಬೆರಳಿಗೆ ಜುಮ್ಮೆನ್ನುತ್ತದೆ. ಒಳಗಿನ ಫಿಲ್ಟರಿನಿಂದ ಸೋರಿದ ಅರ್ಧ ವೋಲ್ಟೇಜು, ಸುಮಾರು 115 ವೋಲ್ಟು, ಹರಿದುಹೋಗಲು ದಾರಿಯಿಲ್ಲದೆ ತಗಡಿನ ಮೇಲೆ ಕೂತಿರುತ್ತದೆ. ಆಗ ಇರುವುದು ಬರೀ ಜುಮ್ಮು. ಒಳಗೆ ಒಂದು ಫೇಸಿನ ತಂತಿ ಕಳಚಿ ತಗಡಿಗೆ ತಾಗಿದ ದಿನ ಜುಮ್ಮಿನಲ್ಲಿ ಮುಗಿಯುವುದಿಲ್ಲ. ನಮ್ಮ ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥ್ ಪಿನ್ನು ಮಿಕ್ಕೆರಡಕ್ಕಿಂತ ಉದ್ದ ಮತ್ತು ದಪ್ಪ ಯಾಕಿದೆ ಎಂದು ಯೋಚಿಸಿದ್ದೀರಾ? ಒಳಗೆ ಹೋಗುವಾಗ ಮೊದಲು ಅದು ತಾಗಬೇಕು, ಈಚೆ ಬರುವಾಗ ಕೊನೆಗೆ ಅದು ಬಿಡಬೇಕು. ಮನೆಯ ಹಿರಿಯರಂತೆ.

ಇನ್ನು ಕೆಲವರು ಅರ್ಥನ್ನು ಗೌರವಿಸುತ್ತಾರೆ, ಆದರೆ ಅತಿಯಾಗಿ. ಸಂಗೀತಕ್ಕೆ ಬೇರೆಯೇ ಶುದ್ಧ ಅರ್ಥ್ ಬೇಕು, ಹಿತ್ತಿಲಿನಲ್ಲಿ ಇನ್ನೊಂದು ಗುಂಡಿ ತೋಡಿ ಕಂಬಿ ನೆಡಬೇಕು, ಅದನ್ನು ಮನೆಯ ಅರ್ಥಿಗೆ ಸೇರಿಸಬಾರದು ಎನ್ನುವುದು ಅವರ ವಾದ. ನಾನೂ ಒಂದು ವಾರ ಇದಕ್ಕೆ ಮರುಳಾಗಿದ್ದೆ, ತೆಂಗಿನಮರದ ಬುಡದಲ್ಲಿ ಜಾಗ ಕೂಡ ಗುರುತು ಮಾಡಿದ್ದೆ. ಆಮೇಲೆ ಒಂದು ಭಾಗಾಕಾರ ನನ್ನನ್ನು ಉಳಿಸಿತು. ಒಣನೆಲದಲ್ಲಿ ನೆಟ್ಟ ಒಂಟಿ ಕಂಬಿಗೆ 20 ಓಮ್ ತಡೆ ಇದೆಯೆಂದು ಇಟ್ಟುಕೊಳ್ಳಿ. ಫೇಸು ತಗಡಿಗೆ ತಾಗಿತು. 230ನ್ನು 20ರಿಂದ ಭಾಗಿಸಿದರೆ ಹನ್ನೊಂದೂವರೆ. ಹನ್ನೊಂದೂವರೆ ಆಂಪಿಯರಿಗೆ 16ರ ಎಂಸಿಬಿ ಕಣ್ಣೂ ಮಿಟುಕಿಸುವುದಿಲ್ಲ. ಅಷ್ಟು ಕರೆಂಟು ತೆಂಗಿನ ಬುಡಕ್ಕೆ ಹರಿಯುತ್ತಲೇ ಇರುತ್ತದೆ, ನಿಮ್ಮ ಆಂಪ್ಲಿಫೈಯರಿನ ಮೈಮೇಲೆ ಹೆಚ್ಚುಕಡಿಮೆ ಪೂರ್ತಿ ವೋಲ್ಟೇಜು ಕೂತೇ ಇರುತ್ತದೆ. ಇದ್ದಲು ಉಪ್ಪು ತುಂಬಿ, ಬೇಸಿಗೆಯಲ್ಲಿ ಕೊಡ ನೀರು ಹಾಕಿ 5 ಓಮಿಗೆ ಇಳಿಸಿದ ಒಳ್ಳೆಯ ಗುಂಡಿಯಲ್ಲೂ ಹರಿಯುವುದು 46 ಆಂಪಿಯರು; ಸಿ ಜಾತಿಯ 16ರ ಎಂಸಿಬಿ ಥಟ್ಟನೆ ಬೀಳಲು 80 ಆದರೂ ಬೇಕು. ಆದ್ದರಿಂದಲೇ ಅದರ ಹಿಂದೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಬೇಕು ಎನ್ನುವುದು. ಅದು ಒಂದು ಆಂಪಿಯರಿನ ಸಾವಿರದಲ್ಲಿ 30 ಪಾಲು ದಾರಿ ತಪ್ಪಿದರೂ ಲೈನು ಕಡಿಯುತ್ತದೆ. ಇನ್ನು ಸಿಡಿಲು: ಮುಂಗಾರಿಗೆ ಮುಂಚಿನ ಆ ಏಪ್ರಿಲ್ ಮೇ ಸಂಜೆಗಳಲ್ಲಿ ಹತ್ತಿರ ಸಿಡಿಲು ಬಿದ್ದರೆ ಎರಡು ಬೇರೆಬೇರೆ ಅರ್ಥುಗಳ ನಡುವೆ ಸಾವಿರಾರು ವೋಲ್ಟಿನ ಅಂತರ ಏಳಬಹುದು, ಅದು ಸೇತುವೆ ಹುಡುಕುವುದು ನಿಮ್ಮ ಉಪಕರಣದ ಮೂಲಕವೇ. ಮನೆಗೆ ಒಂದೇ ಅರ್ಥ್ ವ್ಯವಸ್ಥೆ. ಗುಂಡಿ ಎರಡಿದ್ದರೂ ಅವೆರಡರ ನಡುವೆ ತಂತಿ ಕಟ್ಟಿರಬೇಕು. ನಾನು ತೆಂಗಿನಮರದ ಬುಡದ ಗುರುತು ಅಳಿಸಿದೆ.

ಕೆಲಸಕ್ಕೆ ಬಂದ ವೈರ್‌ಮನ್ ಪರವಾನಗಿ ಇರುವವರ ಕೈಕೆಳಗೆ ಪಳಗಿದ ಮನುಷ್ಯ, ಚುರುಕು ಕೈ. ಪೈಪು ಹೂತು, ಸ್ಪ್ರಿಂಗು ತೂರಿಸಿ ಮೂರು ತಂತಿಯನ್ನು ಎಳೆದ ರೀತಿ ನೋಡಲು ಚೆನ್ನಾಗಿತ್ತು. ಸಾಕೆಟ್ಟು ಕೂರಿಸುವ ಹೊತ್ತಿಗೆ ನಾನು ಕಾಫಿ ತರಲು ಒಳಗೆ ಹೋದೆ. ಬಂದು ನೋಡುತ್ತೇನೆ, ನೆಲದ ಮೇಲೆ ಕೆಂಪಗೆ ಹೊಳೆಯುವ ಕೂದಲಿನಂಥ ಎಳೆಗಳು ಬಿದ್ದಿವೆ. 4 ಚದರ ಮಿಲಿಮೀಟರಿನ ಮೆತ್ತನೆಯ ತಂತಿಯೆಂದರೆ 0.3 ಮಿಲಿಮೀಟರು ದಪ್ಪದ 56 ಎಳೆಗಳ ಹುರಿ. ಹುರಿ ಸಾಕೆಟ್ಟಿನ ತೂತಿಗೆ ಹಿಡಿಸಲಿಲ್ಲ. ಆತ ಇಕ್ಕಳದಿಂದ ಒಂದಷ್ಟು ಎಳೆಗಳನ್ನು ಕತ್ತರಿಸಿ, ಮಿಕ್ಕದ್ದನ್ನು ತಿರುಚಿ ತೂರಿಸಿದ್ದ. ನಾನು ಕೂತು ನೆಲದ ಮೇಲಿನ ಎಳೆಗಳನ್ನು ಎಣಿಸಿದೆ. ಹದಿನೇಳು. 15 ಮೀಟರು ದೂರ 4 ಆಗಿ ಬಂದ ತಂತಿ ಕೊನೆಯ ಅರ್ಧ ಅಂಗುಲದಲ್ಲಿ 2.8 ಆಗಿತ್ತು.

“ಎಲ್ಲ ಹಿಂಗೇ ಮಾಡೋದು ಸಾರ್, ಏನೂ ಆಗಲ್ಲ” ಎಂದ. ಆತನ ಮಾತು ಮುಕ್ಕಾಲು ನಿಜ. ನನ್ನ ಆಂಪ್ಲಿಫೈಯರಿಗೆ 39 ಎಳೆಯೂ ಧಾರಾಳ. ಆದರೆ ನಾಳೆ ಯಾರೋ ಅದೇ ಸಾಕೆಟ್ಟಿಗೆ ಹೀಟರು ಚುಚ್ಚುತ್ತಾರೆ. ತಿರುಚಿದ ಎಳೆಗಳು ಸ್ಕ್ರೂವಿನ ಕೆಳಗೆ ದಿನಕಳೆದಂತೆ ಸಡಿಲವಾಗುತ್ತವೆ. ಸಡಿಲ ಗಂಟಿನಲ್ಲಿ ಒಂದು ಓಮಿನ ಹತ್ತನೇ ಒಂದು ಪಾಲು ತಡೆ ಇದ್ದು 10 ಆಂಪಿಯರು ಹರಿದರೆ ಹೆಬ್ಬೆರಳ ತುದಿಯಷ್ಟು ಜಾಗದಲ್ಲಿ 10 ವ್ಯಾಟು ಶಾಖ. ಮೊದಲು ಪ್ಲಾಸ್ಟಿಕ್ಕು ಹಳದಿಯಾಗುತ್ತದೆ, ಆಮೇಲೆ ಕಂದು, ಆಮೇಲೆ ವಾಸನೆ. ಗೋಡೆಯೊಳಗೆ ತಂತಿಯೇ ಸುಡುವುದು ಅಪರೂಪ, ಸುಡುವುದು ಕೂಡುವ ಜಾಗ. ಹುಣಸೂರು ರಸ್ತೆಯ ಅಂಗಡಿಗೆ ಇಬ್ಬರೂ ಸ್ಕೂಟರಿನಲ್ಲಿ ಹೋಗಿ ತಾಮ್ರದ ಪಿನ್ ಲಗ್ಗುಗಳನ್ನೂ, ಅಗಲ ಬಾಯಿಯ ಟರ್ಮಿನಲ್ಲಿರುವ 16 ಆಂಪಿಯರಿನ ಸಾಕೆಟ್ಟುಗಳನ್ನೂ ತಂದೆವು. 6ರ ಪಿನ್ನೂ 16ರ ಪಿನ್ನೂ ಎರಡೂ ಹೋಗುವ ಸಮನ್ವಯದ ಸಾಕೆಟ್ಟು ಬೇಡವೆಂದೆ, ಎರಡಕ್ಕೂ ಒಗ್ಗುವುದು ಕೆಲವೊಮ್ಮೆ ಎರಡನ್ನೂ ಗಟ್ಟಿಯಾಗಿ ಹಿಡಿಯುವುದಿಲ್ಲ. ತಂತಿಯ ತುದಿ ಕತ್ತರಿಸಿ, ಹೊಸದಾಗಿ ಸುಲಿದು, 56 ಎಳೆಯನ್ನೂ ಲಗ್ಗಿನೊಳಗೆ ಸೇರಿಸಿ, ಅದುಮುವ ಇಕ್ಕಳದಲ್ಲಿ ಅದುಮಿ ಸ್ಕ್ರೂ ಬಿಗಿದಾಗ ಆತನ ಮುಖದಲ್ಲೂ ಒಂದು ತೃಪ್ತಿ ಕಂಡಿತು. ಕೆಲಸ ಬಲ್ಲವರಿಗೆ ಚೆನ್ನಾಗಿ ಮಾಡಿ ಎನ್ನುವವರು ಸಿಗುವುದಿಲ್ಲ ಅಷ್ಟೆ.

ಎಲ್ಲ ಮುಗಿಯಿತು. ಸಂಜೆ ದೀಪ ಹಚ್ಚುವ ಹೊತ್ತು. ಹೊಸ ಸಾಕೆಟ್ಟಿಗೆ ಪ್ಲಗ್ಗು ಚುಚ್ಚಿ, ಸ್ವಿಚ್ಚು ಹಾಕಿ, ಕಿವಿ ಇಟ್ಟೆ.

ಗುಂಯ್.

ಅದೇ ದುಂಬಿ, ಅದೇ ಡಬ್ಬಿ. ಆ ರಾತ್ರಿ ನನ್ನ ಹೆಂಡತಿ ಏನೂ ಅನ್ನಲಿಲ್ಲ. ಏನಾದರೂ ಅಂದಿದ್ದರೆ ಚೆನ್ನಾಗಿತ್ತು.

ಮಾರನೆಯ ದಿನ, ಮೊದಲ ದಿನವೇ ಮಾಡಬೇಕಾಗಿದ್ದದ್ದನ್ನು ಮಾಡಿದೆ. ಆಂಪ್ಲಿಫೈಯರಿನ ಹಿಂದಿನ ಸಿಗ್ನಲ್ ತಂತಿಗಳನ್ನೆಲ್ಲ ಕಿತ್ತೆ. ಮೌನ. ಒಂದೊಂದಾಗಿ ಮತ್ತೆ ಸೇರಿಸುತ್ತ ಬಂದೆ. ಟರ್ನ್‌ಟೇಬಲ್, ಮೌನ. ಸೀಡಿ, ಮೌನ. ಟೀವಿಯಿಂದ ಬರುವ ತಂತಿ ಚುಚ್ಚಿದೆ, ಬಂತು ದುಂಬಿ. ಟೀವಿಯ ಹಿಂದಿನ ಸೆಟ್‌ಟಾಪ್ ಬಾಕ್ಸಿನಿಂದ ಕೇಬಲ್ಲಿನ ಕೊಂಡಿ ಬಿಚ್ಚಿದೆ, ಹೋಯಿತು. ಕೇಬಲ್ಲಿನ ಹೊರಮೈಯ ಲೋಹದ ಜಾಲರಿ ಕಂಬದಿಂದ ಕಂಬಕ್ಕೆ, ಮನೆಯಿಂದ ಮನೆಗೆ ಬಡಾವಣೆಯನ್ನೆಲ್ಲ ಸುತ್ತಿ ಎಲ್ಲೆಲ್ಲೋ ಭೂಮಿಗೆ ತಾಗಿಕೊಂಡು ಬರುತ್ತದೆ. ನನ್ನ ಆಂಪ್ಲಿಫೈಯರು ನನ್ನ ಮನೆಯ ಅರ್ಥಿಗೆ ಕಟ್ಟಿದೆ. ಎರಡು ಅರ್ಥುಗಳ ನಡುವೆ ಇರುವ ಸಣ್ಣ ಅಂತರದಿಂದ ಒಂದು ಕರೆಂಟು ಸುತ್ತು ಹೊಡೆಯುತ್ತ ನನ್ನ ಸಿಗ್ನಲ್ ತಂತಿಯ ಬೆನ್ನ ಮೇಲೆ ಹಾದುಹೋಗುತ್ತಿತ್ತು. ತೆಂಗಿನಮರದ ಬುಡದಲ್ಲಿ ಇನ್ನೊಂದು ಅರ್ಥ್ ನೆಟ್ಟಿದ್ದರೆ ಏನಾಗುತ್ತಿತ್ತು ಎಂದು ಈಗ ನೆನೆದರೆ ನಗು ಬರುತ್ತದೆ. ಟೀವಿಯಿಂದ ಸದ್ದು ತರಲು ಆಪ್ಟಿಕಲ್ ತಂತಿ ಹಾಕಿದೆ. ಅದರೊಳಗೆ ಹೋಗುವುದು ಬೆಳಕು. ಬೆಳಕಿಗೆ ಅರ್ಥಿನ ಹಂಗಿಲ್ಲ. ಬೆಲೆ, ನಾನು ಗೋಡೆಗೆ ಹೊಡೆಸಿದ ಬಣ್ಣಕ್ಕಿಂತ ಕಡಿಮೆ.

ಹಾಗಾದರೆ ಬೇರೆ ಲೈನು ದಂಡವೇ? ಇಲ್ಲ. ಫ್ರಿಜ್ಜು ಶುರುವಾದಾಗಲೆಲ್ಲ ಸ್ಪೀಕರಿನಲ್ಲಿ ‘ಟಪ್’ ಎನ್ನುತ್ತಿತ್ತು, ಅದು ಹೆಚ್ಚುಕಡಿಮೆ ನಿಂತಿದೆ. ಮಿಕ್ಸಿಯ ಚರಚರ ತಗ್ಗಿದೆ, ಪೂರ್ತಿ ಹೋಗಿಲ್ಲ; ಎಷ್ಟಾದರೂ ಎಲ್ಲ ಲೈನುಗಳೂ ಬೋರ್ಡಿನಲ್ಲಿ ಒಂದೇ ತೊಟ್ಟಿಲಿನವು. ಸಾಮಾನೆಲ್ಲ ಒಂದೇ ಜಾಗದಿಂದ ಕರೆಂಟು, ಒಂದೇ ಜಾಗದಿಂದ ಅರ್ಥ್ ತೆಗೆದುಕೊಳ್ಳುತ್ತವೆ. ಅಡುಗೆಮನೆಯ ಗಂಟುಗಳ ಮೇಲೆ ನನ್ನ ಭಾರವಿಲ್ಲ. ಇನ್ವರ್ಟರಿನ ಲೈನಿಗೂ ಇದಕ್ಕೂ ಸಂಬಂಧ ಕಡಿದಿದ್ದೇನೆ. ನಮ್ಮ ಹಳೆಯ ಇನ್ವರ್ಟರಿನದು ಚೌಕದ ಅಲೆ, ಅದನ್ನು ಕುಡಿದರೆ ವಡೆ ಟ್ರಾನ್ಸ್‌ಫಾರ್ಮರು ನರಳುತ್ತಿತ್ತು. ಆದರೆ ಮನ್ಸೂರರ ಕಂಠ ಮೊದಲಿಗಿಂತ ತುಂಬಿಕೊಂಡಿತೇ, ದೊರೆಸ್ವಾಮಿ ಅಯ್ಯಂಗಾರರ ವೀಣೆಯ ಮೀಟು ಹೆಚ್ಚು ಹೊಳೆಯಿತೇ ಎಂದು ಕೇಳಿದರೆ, ಇಲ್ಲ. ಅವರು ಮೊದಲೂ ಹಾಗೇ ಇದ್ದರು.

ಕೇಳುವ ನಿಮ್ಮಲ್ಲಿ ಯಾರಿಗಾದರೂ ಮನೆಯ ಗಲಾಟೆಯ ಮೂಲ ಹುಡುಕಬೇಕಿದ್ದರೆ ಗೋಡೆ ಒಡೆಯುವ ಮೊದಲು ಬೇರೊಂದು ಉಪಾಯವಿದೆ. ಬ್ಯಾಟರಿಯ ಪುಟ್ಟ ಟ್ರಾನ್ಸಿಸ್ಟರ್ ರೇಡಿಯೋ ತೆಗೆದುಕೊಳ್ಳಿ. ಮೀಡಿಯಂ ವೇವಿನಲ್ಲಿ ಯಾವ ಸ್ಟೇಷನ್ನೂ ಇಲ್ಲದ ಖಾಲಿ ಜಾಗಕ್ಕೆ ತಿರುಗಿಸಿ, ಈ ರೇಡಿಯೋ ಭಾಷಣ ಮುಗಿದ ಮೇಲೆ ಎಂದು ಪ್ರಾರ್ಥನೆ, ಕೋಣೆ ಕೋಣೆ ಸುತ್ತಿ. ನಮ್ಮಲ್ಲಿ ಅದು ಮಲಗುವ ಕೋಣೆಯ ಫ್ಯಾನಿನ ರೆಗ್ಯುಲೇಟರಿನ ಮುಂದೆ ಕಿರುಚಿತು, ದೇವರ ಮನೆಯ ಅಗ್ಗದ ಎಲ್ಇಡಿ ದೀಪದ ಕೆಳಗೆ ಕಡಲೆ ಹುರಿದ ಹಾಗೆ ಸದ್ದು ಮಾಡಿತು. ದೀಪ ಬದಲಾಯಿಸಿದೆ. ಅಪರಾತ್ರಿಯಲ್ಲಿ ರೇಡಿಯೋ ಹಿಡಿದು ದೇವರ ಮನೆಯಲ್ಲಿ ನಿಂತಿದ್ದ ನನ್ನನ್ನು ಕಂಡ ಮಗ, ಪ್ರಸಾರ ಎಲ್ಲಿಂದ ಬರುತ್ತಿದೆ ಎಂದು ಕೇಳಿದ.

ಒಂದು ಗೊರಕೆ ಮಾತ್ರ ಉಳಿದಿದೆ. ಬೆಳಿಗ್ಗೆ ಎಂಟರ ಸುಮಾರಿಗೆ ಕೆಲವು ದಿನ ಟ್ರಾನ್ಸ್‌ಫಾರ್ಮರಿನ ಮೈಯೇ ಗುರುಗುಟ್ಟುತ್ತದೆ, ಸ್ಪೀಕರಿನಿಂದಲ್ಲ. ನೆರೆಯಲ್ಲಿ ಯಾರೋ ಕೂದಲು ಒಣಗಿಸುವ ಯಂತ್ರವನ್ನು ಅರ್ಧ ಬಿಸಿಯಲ್ಲಿ ಇಟ್ಟಿರಬೇಕು; ಅಂಥ ಯಂತ್ರಗಳಲ್ಲಿ ಕೆಲವು ಅಲೆಯ ಒಂದು ಅರ್ಧವನ್ನಷ್ಟೇ ಉಣ್ಣುತ್ತವೆ. ಲೈನು ಒಂದು ಕಡೆಗೆ ತುಸು ವಾಲುತ್ತದೆ, ವಡೆ ಟ್ರಾನ್ಸ್‌ಫಾರ್ಮರಿಗೆ ಆ ವಾಲು ಆಗಿಬರುವುದಿಲ್ಲ. ಇದಕ್ಕೆ 4ರ ತಂತಿಯೂ 10ರ ತಂತಿಯೂ ಬೆಳ್ಳಿಯದೂ ಮದ್ದಲ್ಲ. ಒಂಬತ್ತಕ್ಕೆ ಅವರು ಆಫೀಸಿಗೆ ಹೋಗುತ್ತಾರೆ.

ವೈರ್‌ಮನ್ ಬಾಕಿ ಹಣಕ್ಕೆ ಒಂದು ಭಾನುವಾರ ಬಂದ. ಹಣ ಎಣಿಸಿಕೊಟ್ಟು, ಕೂತುಕೊಳ್ಳಿ, ನೀವು ಎಳೆದ ಲೈನು ಹೇಗಿದೆ ಕೇಳಿ ಎಂದೆ. ಆಂಪ್ಲಿಫೈಯರು ಹಾಕಿ, ವಾಲ್ಯೂಮು ಅರ್ಧಕ್ಕೆ ತಿರುಗಿಸಿದೆ, ರೆಕಾರ್ಡು ಇನ್ನೂ ಇಟ್ಟಿರಲಿಲ್ಲ. ಆತ ಸ್ಪೀಕರಿನ ಜಾಲರಿಗೆ ಕಿವಿ ಹಚ್ಚಿ ಸ್ವಲ್ಪ ಹೊತ್ತು ಕೂತ. ಆಮೇಲೆ ತಲೆಯೆತ್ತಿ ಕೇಳಿದ:

“ಕರೆಂಟ್ ಹೋಯ್ತಾ ಸಾರ್?”

ಫ್ಯಾನು ತಿರುಗುತ್ತಿತ್ತು.